‘ತಗೋತಿಲ್ಲ’ ಎಂದ ಪೆನ್ ಡ್ರೈವ್: ಮಂಡ್ಯದ ಒಂದು ಪ್ರಕರಣ

ಶನಿವಾರ ಸಂಜೆ ಅಂಗಡಿಯ ಶಟರ್ ಅರ್ಧ ಇಳಿಸಿದ್ದೆ. ಅಕ್ಕ ಅದರ ಕೆಳಗೇ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಕುಂಕುಮದ ಪೊಟ್ಟಣದ ಹಾಗೆ ಕಾಗದದಲ್ಲಿ ಸುತ್ತಿದ ಒಂದು ಪೆನ್ ಡ್ರೈವ್.

“ತಮ್ಮಾ, ಇದು ತಗೋತಿಲ್ಲ ಕಣಪ್ಪ. ನಾಲ್ಕು ಕಂಪ್ಯೂಟರ್‌ಗೆ ಹಾಕಿ ನೋಡ್ದೆ. ಸತ್ತೇ ಹೋಯ್ತು ಅನ್ಸುತ್ತೆ.”

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಮಂಡ್ಯದಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾರೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಫ್ಲೆಕ್ಸು, ಅರ್ಜಿ ಟೈಪಿಂಗ್ ಎಲ್ಲವೂ ಅವರ ಹತ್ತಿರ ಆಗುತ್ತದೆ. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಅವರ ಪ್ರಿಂಟರ್ ಕೆಟ್ಟರೆ ನಾನು ಹೋಗುತ್ತೇನೆ, ನನ್ನ ಬಿಲ್ ಬುಕ್ ಅವರು ಮಾಡಿಕೊಡುತ್ತಾರೆ.

ಆ ಪೆನ್ ಡ್ರೈವ್‌ನಲ್ಲಿ ಇದ್ದದ್ದು ಒಂದು ಊರಿನ ಮಾರಮ್ಮನ ಹಬ್ಬದ ಆಹ್ವಾನ ಪತ್ರಿಕೆ. ಸೋಮವಾರ ಬೆಳಿಗ್ಗೆ ಮೈಸೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕೊಡಬೇಕಿತ್ತು. ನಮ್ಮ ಕಡೆ ಹಬ್ಬದ ಪತ್ರಿಕೆ ಮಾಡಿದವರಿಗೆ ಮಾತ್ರ ಇದರ ಕಷ್ಟ ಗೊತ್ತು. ದೇವಿಯ ಫೋಟೊ, ಕೊಂಡದ ದಿನ, ಪೂಜಾ ಕುಣಿತದ ತಂಡ, ಅನ್ನದಾನದವರು, ಇವೆಲ್ಲ ಅರ್ಧ ದಿನದ ಕೆಲಸ. ಕೆಳಗಿನ ಹೆಸರುಗಳದ್ದೇ ರಾಮಾಯಣ. ಈ ಪತ್ರಿಕೆಯಲ್ಲಿ 114 ಹೆಸರು. ಯಾರ ಹೆಸರು ಯಾರ ಮೇಲೆ, ಯಾರದು ದಪ್ಪಕ್ಷರ, ಯಾರ ಹೆಸರಿನ ಮುಂದೆ ‘ಮಾಜಿ’ ಹಾಕಬೇಕು ಎಂದು ಊರಿನವರು ನಾಲ್ಕು ದಿನ ಕೂತು ತೀರ್ಮಾನ ಮಾಡಿದ್ದರು. ವಾಟ್ಸಾಪ್‌ನಲ್ಲಿ ಪ್ರೂಫ್ ಇತ್ತು, ಆದರೆ ಅದು ಗುರುವಾರದ್ದು. ಶುಕ್ರವಾರ ರಾತ್ರಿ ಊರಿನವರು ಅಂಗಡಿಗೇ ಬಂದು ಮಾಡಿಸಿದ ತಿದ್ದುಪಡಿ ಯಾವುದೂ ಅದರಲ್ಲಿ ಇರಲಿಲ್ಲ.

“ಟೈಪ್ ಮಾಡೋದು ಕಷ್ಟ ಅಲ್ಲಪ್ಪ. ಮತ್ತೆ ಅವರನ್ನೆಲ್ಲ ಕೂರಿಸ್ಕೊಂಡು ಹೆಸರು ಓದಿಸೋದಿದೆಯಲ್ಲ, ಅದು ನನ್ ಕೈಲಿ ಆಗಲ್ಲ” ಎಂದರು.

ನಾಲ್ಕು ಕಂಪ್ಯೂಟರ್ ಹೇಳಿದ ನಾಲ್ಕು ಮಾತು

‘ಪೆನ್ ಡ್ರೈವ್ ತಗೋತಿಲ್ಲ’ ಎಂಬ ಮಾತನ್ನು ನಾನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಬಂದ ತಕ್ಷಣ ಇಸಿದುಕೊಂಡು ಕಂಪ್ಯೂಟರ್‌ಗೆ ಚುಚ್ಚುವ ಅಭ್ಯಾಸ ಮೊದಲು ನನಗೂ ಇತ್ತು. ಈಗ ಬಿಟ್ಟಿದ್ದೇನೆ. ಮೊದಲು ಒಂದು ಹಳೇ ನೋಟ್‌ಬುಕ್ ತೆಗೆದು, ಎಲ್ಲೆಲ್ಲಿ ಹಾಕಿದಿರಿ, ಹಾಕಿದಾಗ ಏನಾಯಿತು, ಲೈಟ್ ಬಂತಾ, ಸದ್ದು ಬಂತಾ, ಪರದೆ ಮೇಲೆ ಏನು ಬರೆದಿತ್ತು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅಕ್ಕನಿಗೆ ಇದು ಕಾಲಹರಣ ಅನ್ನಿಸಿತು. ಆದರೂ ಕೂತು ಹೇಳಿದರು.

ಶುಕ್ರವಾರ ರಾತ್ರಿ ಹತ್ತರ ಹೊತ್ತಿಗೆ ಊರಿನವರು ಎದ್ದು ಹೋದರು. ಅಕ್ಕ ಕೊನೆಯ ತಿದ್ದುಪಡಿ ಮಾಡಿ ಸೇವ್ ಕೊಟ್ಟರು. ಅವರ ಸಿಪಿಯು ಮೇಜಿನ ಕೆಳಗೆ ನೆಲದ ಮೇಲಿದೆ. ಪೆನ್ ಡ್ರೈವ್ ಇದ್ದದ್ದು ಅದರ ಮುಂದಿನ ಪೋರ್ಟ್‌ನಲ್ಲಿ. ಸೇವ್ ಆಗುತ್ತಿರುವಾಗಲೇ ಕುರ್ಚಿ ಹಿಂದೆ ಸರಿಸಿ ಏಳಲು ಹೋದರು. ಮೊಣಕಾಲು ಬಡಿಯಿತು. ಪತ್ರಿಕೆ ವಿನ್ಯಾಸ ಮಾಡುವ ತಂತ್ರಾಂಶ ಕೋರೆಲ್ ಡ್ರಾ ಅಲ್ಲಾಡದೆ ನಿಂತಿತು. ಟಾಸ್ಕ್ ಮ್ಯಾನೇಜರ್‌ನಿಂದ ಅದನ್ನು ಬಲವಂತವಾಗಿ ಮುಚ್ಚಿದರು.

ಬೆಳಿಗ್ಗೆ ಅದೇ ಸಿಪಿಯುವಿನ ಅದೇ ಪೋರ್ಟ್‌ಗೆ ಹಾಕಿದರೆ ಲೈಟೂ ಇಲ್ಲ, ಸದ್ದೂ ಇಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಲೈಟ್ ಬಂತು, ‘ಡುಡುಂ’ ಎಂದು ಸದ್ದೂ ಬಂತು, ಮರುಕ್ಷಣ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂದಿತು. ಅವರ ಅಕ್ಕನ ಮಗನ ಮನೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ ‘ಇ’ ಡ್ರೈವ್ ಎಂದು ತೋರಿಸಿತು. ತೆರೆಯಲು ಹೋದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದಿತು. ಹುಡುಗ ‘ಮಾಡ್ಲಾ ಚಿಕ್ಕಮ್ಮ?’ ಅಂದನಂತೆ. ಇವರು ಕೈ ಹಿಡಿದು ಕ್ಯಾನ್ಸಲ್ ಒತ್ತಿಸಿದ್ದಾರೆ. ಅಷ್ಟು ಮಾಡಿದ್ದಕ್ಕೆ ಅವರಿಗೆ ಒಂದು ಕಾಫಿ ತರಿಸಿಕೊಟ್ಟೆ. ನಾಲ್ಕನೆಯದು ಅವರ ಯಜಮಾನರ ಆಫೀಸಿನ ಕಂಪ್ಯೂಟರ್. ಅಲ್ಲಿ ಲೈಟ್ ಉರಿಯಿತು, ಡ್ರೈವ್ ಬರಲೇ ಇಲ್ಲ. ‘ಪೂರ್ತಿ ಹೋಗಿದೆ, ಬಿಸಾಕು’ ಎಂದು ತೀರ್ಪು ಕೊಟ್ಟವರು ಯಜಮಾನರು.

ಈ ನಾಲ್ಕನೆಯ ಸಾಕ್ಷಿಯನ್ನು ನಾನು ಅಲ್ಲೇ ಲೆಕ್ಕದಿಂದ ತೆಗೆದೆ. ಎಷ್ಟೋ ಆಫೀಸುಗಳಲ್ಲಿ ಪೆನ್ ಡ್ರೈವ್ ಬೇಕೆಂದೇ ಬಂದ್ ಮಾಡಿರುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಯುಎಸ್‌ಬಿ ಸ್ಟೋರ್ ಎಂಬ ಜಾಗದ ‘ಸ್ಟಾರ್ಟ್’ ಬೆಲೆ 3 ಇದ್ದರೆ ಪೆನ್ ಡ್ರೈವ್ ನಡೆಯುತ್ತದೆ, 4 ಮಾಡಿದರೆ ನಡೆಯುವುದಿಲ್ಲ. ಮೌಸು, ಕೀಬೋರ್ಡು ಎಂದಿನಂತೆ ಓಡುತ್ತಿರುತ್ತವೆ. ಲೈಟೂ ಉರಿಯುತ್ತದೆ. ಕೇಳಿ ನೋಡಿದೆ, ಆ ಆಫೀಸಿನಲ್ಲಿ ಯಾರ ಪೆನ್ ಡ್ರೈವೂ ಬರುವುದಿಲ್ಲವಂತೆ. ಅಂಥ ಕಂಪ್ಯೂಟರ್‌ನಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಆ ಬೀಗ ತೆಗೆಯುವ ಉಸಾಬರಿಯೂ ನಮಗೆ ಬೇಡ.

ಉಳಿದ ಮೂರು ಉತ್ತರಗಳು ಮಾತ್ರ ಬೆಲೆಯುಳ್ಳವು.

ಛತ್ರದ ಬಾಗಿಲಿನಿಂದ ಎಲೆಯವರೆಗೆ

ಅಕ್ಕನಿಗೆ ನಾನು ಹೇಳಿದ್ದು ಮದುವೆ ಛತ್ರದ ಲೆಕ್ಕದಲ್ಲಿ. ಪೆನ್ ಡ್ರೈವ್ ಚುಚ್ಚಿದಾಗ ಒಂದೇ ಕೆಲಸ ಆಗುವುದಿಲ್ಲ, ಸಾಲಾಗಿ ಐದಾರು ಆಗುತ್ತವೆ.

ಮೊದಲು ಕರೆಂಟ್. ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ. ಸಾಮಾನ್ಯ ಯುಎಸ್‌ಬಿ 2 ಪೆನ್ ಡ್ರೈವ್‌ನ ಮೂತಿಯಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ಎರಡು ತುದಿಯವು ಕರೆಂಟ್ ಮತ್ತು ಗ್ರೌಂಡ್, ನಡುವಿನ ಎರಡು ಮಾತುಕತೆಗೆ. ಒಂದರ ಹೆಸರು ಡಿ ಪ್ಲಸ್, ಇನ್ನೊಂದು ಡಿ ಮೈನಸ್. ಸರಿಯಾಗಿ ನೋಡಿದರೆ ತುದಿಯವೆರಡು ನಡುವಿನವಕ್ಕಿಂತ ಕೊಂಚ ಉದ್ದ ಇರುತ್ತವೆ. ಚುಚ್ಚುವಾಗ ಕರೆಂಟ್ ಮೊದಲು ಸಿಗಲಿ, ಮಾತು ಆಮೇಲೆ ಶುರುವಾಗಲಿ ಎಂದೇ ಹಾಗೆ ಮಾಡಿದ್ದಾರೆ.

ಎರಡನೆಯದು ಬೆಲ್. ಪೆನ್ ಡ್ರೈವ್ ಒಳಗೆ 1.5 ಕಿಲೋ ಓಮ್‌ನ ಒಂದು ರೆಸಿಸ್ಟರ್ ಡಿ ಪ್ಲಸ್ ತಂತಿಯನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಆ ತಂತಿಯಲ್ಲಿ ವೋಲ್ಟೇಜ್ ಏರಿದ್ದು ಕಂಡರೆ, ಯಾರೋ ಬಾಗಿಲಿಗೆ ಬಂದಿದ್ದಾರೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುತ್ತದೆ.

ಮೂರನೆಯದು ವಿಚಾರಣೆ. ‘ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ?’ ಕಂಪ್ಯೂಟರ್ ಕೇಳುತ್ತದೆ, ಪೆನ್ ಡ್ರೈವ್ ತನ್ನ ತಯಾರಕರ ನಂಬರು, ಮಾದರಿಯ ನಂಬರು ಹೇಳಬೇಕು. ಈ ಉತ್ತರಕ್ಕೆ ಡಿಸ್ಕ್ರಿಪ್ಟರ್ ಅನ್ನುತ್ತಾರೆ. ಮಾತು ಹೋಗಿಬರಲು ಎರಡು ತಂತಿಯೂ ಬೇಕು.

ಆಮೇಲೆ ‘ನಾನು ಇಷ್ಟು ದೊಡ್ಡ ಡಿಸ್ಕ್’ ಎಂದು ಹೇಳಿಕೊಳ್ಳುವುದು, ಆಮೇಲೆ ಡ್ರೈವ್ ಅಕ್ಷರ ಸಿಗುವುದು, ಕೊನೆಗೆ ಒಳಗಿನ ಫೈಲ್ ಪಟ್ಟಿ ತೆರೆದುಕೊಳ್ಳುವುದು. ಅಂದರೆ ಎಲೆ ಮುಂದೆ ಕೂತಂತೆ.

ಇವುಗಳಲ್ಲಿ ಯಾವುದು ನಿಂತರೂ ಜನ ಹೇಳುವುದು ಒಂದೇ ಮಾತು, ‘ತಗೋತಿಲ್ಲ’. ಔಷಧ ಮಾತ್ರ ಒಂದೊಂದಕ್ಕೂ ಬೇರೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಕಾಣುತ್ತಿದೆ, ಅಕ್ಷರ ಮಾತ್ರ ಇಲ್ಲ ಅಂದರೆ, ಅಕ್ಷರ ಕೊಟ್ಟರೆ ಎರಡು ನಿಮಿಷದಲ್ಲಿ ಮುಗಿಯಿತು. ಡ್ರೈವರ್ ಗೋಜಲಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಚುಚ್ಚಿದರೆ ಸರಿಹೋಗುತ್ತದೆ. ಹಬ್ ಅಥವಾ ಮುಂದಿನ ಪೋರ್ಟ್‌ನಲ್ಲಿ ಕರೆಂಟ್ ಸಾಲದಿದ್ದರೆ ಸಿಪಿಯುವಿನ ಹಿಂದೆ, ಮದರ್‌ಬೋರ್ಡಿಗೇ ಅಂಟಿರುವ ಪೋರ್ಟ್‌ಗೆ ಹಾಕಿದರೆ ಸಾಕು. ಡಿಸ್ಕ್ ಕಾಣುತ್ತದೆ ಆದರೆ ‘ನೋ ಮೀಡಿಯಾ’, ಗಾತ್ರ ಸೊನ್ನೆ ಎಂದರೆ ಕೇಡು ಒಳಗಿನದು. ಪೆನ್ ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಬದುಕಿದೆ, ಡೇಟಾ ಇರುವ ಮೆಮೊರಿ ಚಿಪ್ ಅದಕ್ಕೆ ಸಿಗುತ್ತಿಲ್ಲ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಚಿಪ್ ಕಿತ್ತು ಓದಿದರೂ ಒಳಗಿನ ಡೇಟಾವನ್ನು ಕಂಟ್ರೋಲರ್ ಕಲಸಿ ಬರೆದಿರುತ್ತದೆ. ಅದನ್ನು ಬಿಡಿಸಲು ಬೇರೆಯೇ ಲ್ಯಾಬು ಬೇಕು.

ಅಕ್ಕನ ಲ್ಯಾಪ್‌ಟಾಪ್ ಹೇಳಿದ್ದೇನು? ಲೈಟ್ ಇದೆ, ಕರೆಂಟ್ ಸರಿ. ಸದ್ದು ಬಂದಿದೆ, ಬೆಲ್ ಸರಿ. ವಿಚಾರಣೆಯಲ್ಲಿ ಉತ್ತರ ಬಂದಿಲ್ಲ. ಡಿವೈಸ್ ಮ್ಯಾನೇಜರ್‌ನ ಫೋಟೊ ಅವರ ಫೋನ್‌ನಲ್ಲೇ ಇತ್ತು: ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43. ಡಿ ಪ್ಲಸ್ ಕಡಿದಿದ್ದರೆ ಬೆಲ್ಲೇ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಅನುಮಾನ ಡಿ ಮೈನಸ್ ಮೇಲೆ ಹೋಯಿತು. ಅವರ ಅಕ್ಕನ ಮಗನ ಮನೆಯಲ್ಲಿ ಇನ್ನಷ್ಟು ಮುಂದೆ ಹೋಗಿತ್ತಲ್ಲ? ಅಂದರೆ ತಂತಿ ಪೂರ್ತಿ ಕಡಿದಿಲ್ಲ, ಚುಚ್ಚಿದ ಕೋನ ಸರಿ ಬಂದಾಗ ತಗಲುತ್ತಿದೆ.

ಭೂತಗನ್ನಡಿಯಲ್ಲಿ ನೋಡಿದೆ. ಮೂತಿ ಕೂದಲೆಳೆಯಷ್ಟು ಮೇಲಕ್ಕೆ ಸೊಟ್ಟಗಾಗಿತ್ತು.

ನಾನು ಮಾಡಿದ ತಪ್ಪು

ಇಲ್ಲಿಯವರೆಗೆ ಸರಿಯಾಗಿ ನಡೆದಿದ್ದೆ. ಇಲ್ಲಿಂದ ಆಸೆ ಕೆಡಿಸಿತು.

ನನ್ನ ಹತ್ತಿರ ಡೇಟಾ ತೆಗೆಯಲು, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಸಿಸ್ಟಂ ಇದೆ. ಚುಚ್ಚಿದ ಡ್ರೈವ್‌ಗಳನ್ನು ತಾನಾಗಿ ತೆರೆಯದ ಹಾಗೆ ಮಾಡಿಟ್ಟಿದ್ದೇನೆ. ಕೆಟ್ಟ ಡ್ರೈವ್ ಮೇಲೆ ನಮಗೆ ಗೊತ್ತಿಲ್ಲದೆ ಒಂದಕ್ಷರವೂ ಬರೆಯಬಾರದು, ಅದಕ್ಕೆ. ಈ ಸಿಸ್ಟಂಗೆ ಪೆನ್ ಡ್ರೈವ್ ಚುಚ್ಚಿದಾಗ, ಅದು ನಡೆದದ್ದನ್ನೆಲ್ಲ ಬರೆದಿಡುವ ಕರ್ನಲ್ ಲಾಗ್‌ನಲ್ಲಿ ಡಿಸ್ಕ್ರಿಪ್ಟರ್ ಓದಲಾಗಲಿಲ್ಲ, ಎರರ್ ಮೈನಸ್ 71 ಎಂದು ಸಾಲು ಸಾಲು ಬಂತು. 71 ಅಂದರೆ ಮಾತಿನ ಕ್ರಮ ತಪ್ಪಿದೆ ಎಂದು. ಪ್ಲಗ್ ಸರಿಯಿಲ್ಲದಿರುವಾಗ, ಕೇಬಲ್ ಕೆಟ್ಟಿರುವಾಗ ಈ ನಂಬರ್ ಎಷ್ಟೋ ಸಲ ಕಂಡಿದ್ದೇನೆ.

ಹೆಬ್ಬೆರಳಿನಿಂದ ಮೂತಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದೆ. ತಟ್ಟನೆ ಡಿಸ್ಕ್ ಬಂತು! 32 ಜಿಬಿ ಪೂರ್ತಿ ತೋರಿಸಿತು. ಬೆರಳು ತೆಗೆದರೆ ಮಾಯ.

ಆಗ ನಾನು ಸುಮ್ನೆ ಬಿಚ್ಚಿ ಬೆಸುಗೆ ಹಾಕಬೇಕಿತ್ತು. ರಾತ್ರಿ ಎಂಟೂವರೆ ಆಗಿತ್ತು. ಅಕ್ಕ ಎದುರಿಗೇ ಕೂತಿದ್ದರು. ಬಟ್ಟೆ ಒಣಗಿಸುವ ಕ್ಲಿಪ್ ಒಂದನ್ನು ಸಿಕ್ಕಿಸಿ ಮೂತಿಯನ್ನು ಒತ್ತಿ ಹಿಡಿಸಿದೆ. ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದೆ. ಇದು ಡ್ರೈವ್‌ನಲ್ಲಿ ಇರುವುದನ್ನೆಲ್ಲ, ಫೈಲು ಫೋಲ್ಡರು ನೋಡದೆ, ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಇನ್ನೊಂದು ಡಿಸ್ಕ್‌ಗೆ ಪಡಿಯಚ್ಚು ತೆಗೆಯುತ್ತದೆ. 7 ಜಿಬಿ ಆಗುವವರೆಗೆ ಚೆನ್ನಾಗಿ ಓಡಿತು. ಹೊರಗೆ ಲಾರಿ ಹೋಯಿತೋ ಏನೋ, ಕ್ಲಿಪ್ ಜಾರಿತು. ಮತ್ತೆ ಒತ್ತಿದೆ, ಬರಲಿಲ್ಲ. ಇನ್ನೂ ಒತ್ತಿದೆ. ಸಣ್ಣಗೆ ‘ಟಿಕ್’ ಎಂದಿತು. ಆಮೇಲೆ ಎಷ್ಟು ಒತ್ತಿದರೂ ಏನೂ ಇಲ್ಲ.

ಬಿರುಕು ಬಿಟ್ಟಿದ್ದ ಬೆಸುಗೆಯನ್ನು ನಾನೇ ಕಿತ್ತಿದ್ದೆ. ಬೆಸುಗೆಯಷ್ಟೇ ಅಲ್ಲ, ಅದರ ಕೆಳಗೆ ಬೋರ್ಡಿಗೆ ಅಂಟಿಕೊಂಡಿರುವ ತಾಮ್ರದ ಪ್ಯಾಡ್ ಸಹ ಎದ್ದು ಬಂದಿತ್ತು. ಅದು ಬಿಚ್ಚಿದ ಮೇಲೆ ಗೊತ್ತಾಯಿತು. ಹತ್ತು ನಿಮಿಷದ ಕೆಲಸವನ್ನು ಎರಡು ಗಂಟೆಯದು ಮಾಡಿಕೊಂಡೆ. ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ‘ನಾಳೆ ಬನ್ನಿ’ ಎಂದೆ. ಅವರು ಏನೂ ಅನ್ನಲಿಲ್ಲ. ಬೈದಿದ್ದರೇ ಸಮಾಧಾನ ಆಗುತ್ತಿತ್ತು.

ಭಾನುವಾರ

ಬೆಳಗಿನ ಬೆಳಕಿನಲ್ಲಿ ಪ್ಲಾಸ್ಟಿಕ್ ಕವಚದ ಸಂದಿಗೆ ತೆಳು ಬ್ಲೇಡ್ ಇಟ್ಟು ಬಿಡಿಸಿದೆ. ಒಳಗಿನ ಬೋರ್ಡು ಹೆಬ್ಬೆರಳಿನ ಗಾತ್ರದ್ದು. ಒಂದು ಕಂಟ್ರೋಲರ್, ಎರಡು ಬದಿಗೂ ಕಾಲುಗಳಿರುವ ಒಂದು ಮೆಮೊರಿ ಚಿಪ್, ಒಂದು ಕ್ರಿಸ್ಟಲ್, ಎಳ್ಳುಕಾಳಿನಂಥ ನಾಲ್ಕಾರು ರೆಸಿಸ್ಟರು, ಕೆಪಾಸಿಟರು. ಕ್ರಿಸ್ಟಲ್ ಬಗ್ಗೆ ಒಂದು ಮಾತು. ಕೆಳಗೆ ಬಿದ್ದ ಪೆನ್ ಡ್ರೈವ್‌ಗಳಲ್ಲಿ ಕೆಲವು ಸಲ ಅದೇ ಬಿರುಕು ಬಿಡುತ್ತದೆ. ಕಂಟ್ರೋಲರ್‌ಗೆ ತಾಳ ಕೊಡುವುದು ಅದು. ತಾಳ ನಿಂತರೆ ಮಾತೂ ನಿಲ್ಲುತ್ತದೆ. ಆದರೆ ನಿನ್ನೆ ಒತ್ತಿದಾಗ 7 ಜಿಬಿ ಓದಿದ್ದರಿಂದ ಕ್ರಿಸ್ಟಲ್, ಕಂಟ್ರೋಲರ್, ಚಿಪ್ ಮೂರೂ ಚೆನ್ನಾಗಿವೆ ಎಂದು ಖಾತ್ರಿಯಾಗಿತ್ತು. ನನ್ನ ತಪ್ಪಿನಿಂದ ಆದ ಲಾಭ ಅದೊಂದೇ.

ಮಲ್ಟಿಮೀಟರ್‌ನ ಬೀಪ್ ಇಟ್ಟು ಮೂತಿಯ ಪಟ್ಟಿಯಿಂದ ಬೋರ್ಡಿಗೆ ಒಂದೊಂದೇ ದಾರಿ ನೋಡಿದೆ. 5 ವೋಲ್ಟ್, ಬೀಪ್. ಗ್ರೌಂಡ್, ಬೀಪ್. ಡಿ ಪ್ಲಸ್, ಬೀಪ್. ಡಿ ಮೈನಸ್, ಮೌನ. ಮೂತಿಯನ್ನು ಬೋರ್ಡಿಗೆ ಹಿಡಿದಿಡುವ ಎರಡು ಲೋಹದ ಕಿವಿಗಳ ಬೆಸುಗೆಯೂ ಸುತ್ತ ಉಂಗುರದ ಹಾಗೆ ಸೀಳಿತ್ತು. ಮೊಣಕಾಲಿನ ಪೆಟ್ಟು ತಡೆದುಕೊಳ್ಳಬೇಕಿದ್ದದ್ದು ಆ ಕಿವಿಗಳು. ಅವು ಬಿಟ್ಟ ಮೇಲೆ ಭಾರವೆಲ್ಲ ನಾಲ್ಕು ಸಣ್ಣ ಪಿನ್‌ಗಳ ಮೇಲೆ ಬಿತ್ತು.

ಪ್ಯಾಡ್ ಎದ್ದಿದ್ದರಿಂದ ಅಲ್ಲಿ ಬೆಸುಗೆ ನಿಲ್ಲುವುದಿಲ್ಲ. ಡಿ ಮೈನಸ್‌ನ ದಾರಿ ಹಿಡಿದು ಹೋದರೆ ಕಂಟ್ರೋಲರ್‌ಗೆ ಸೇರುವ ಮುಂಚೆ ಒಂದು ಎಳ್ಳುಕಾಳು ರೆಸಿಸ್ಟರ್ ಇತ್ತು. ಅದರ ಮೂತಿ ಕಡೆಯ ತುದಿಗೆ ತಂತಿ ಹಾಕಿದರೆ ಕೆಲಸ ಆಗುತ್ತದೆ. ಸೊಟ್ಟ ಮೂತಿಯನ್ನು ಪೂರ್ತಿ ತೆಗೆದುಹಾಕಿದೆ. ಹಳೇ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಒಂದನ್ನು ಕತ್ತರಿಸಿದೆ. ಒಳಗೆ ನಾಲ್ಕು ತಂತಿ. ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್. ಆದರೂ ಬಣ್ಣವನ್ನು ನಂಬಿ ಕೂರಬಾರದು, ಅಗ್ಗದ ಕೇಬಲ್‌ಗಳಲ್ಲಿ ಬಣ್ಣ ಅದಲುಬದಲು ಇರುವುದು ನೋಡಿದ್ದೇನೆ. ಮೀಟರ್ ಹಿಡಿದು ನೋಡಿಯೇ ಹಾಕಬೇಕು. ಬಿಳಿ ಹಸಿರು ತಿರುವುಮುರುವಾದರೆ ಸುಮ್ಮನೆ ಕೆಲಸ ಮಾಡುವುದಿಲ್ಲ, ಅಷ್ಟೇ. ಕೆಂಪು ಕಪ್ಪು ತಿರುವುಮುರುವಾದರೆ ಕಂಟ್ರೋಲರ್ ಸುಟ್ಟೇ ಹೋಗಬಹುದು.

ರೆಸಿಸ್ಟರ್ ತುದಿಗೆ ಬಿಳಿ ತಂತಿ ತೀರಾ ದಪ್ಪ. ಅದಕ್ಕೆ ಹಳೇ ರಿಲೇ ಕಾಯಿಲ್‌ನಿಂದ ಬಿಚ್ಚಿದ ಕೂದಲೆಳೆ ತಾಮ್ರದ ತಂತಿ ನಡುವೆ ಹಾಕಿದೆ. ಫ್ಲಕ್ಸ್ ಹಚ್ಚಿ, ಸೂಜಿಮೊನೆ ಬಿಟ್ ಹಾಕಿ, 350 ಡಿಗ್ರಿ ಇಟ್ಟು, ಒಂದೊಂದಕ್ಕೂ ಎರಡು ಸೆಕೆಂಡ್. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಮೂರನೇ ಸಲಕ್ಕೆ ಕೂತಿತು. ಅಲ್ಲಾಡದ ಹಾಗೆ ಬಿಸಿ ಅಂಟು ಹಾಕಿ ಕೇಬಲ್ ಸಮೇತ ಒಂದು ರಟ್ಟಿಗೆ ಅಂಟಿಸಿದೆ. ನೋಡಲು ಆಪರೇಷನ್ ಆದ ಕಪ್ಪೆಯ ಹಾಗಿತ್ತು.

ಚುಚ್ಚಿದೆ. 480 ಮೆಗಾಬಿಟ್ ವೇಗದಲ್ಲಿ ಬಂತು, ತಯಾರಕರ ನಂಬರ್ ಹೇಳಿತು, ಗಾತ್ರ ಹೇಳಿತು. ಎರರ್ 71ರ ಸುಳಿವಿಲ್ಲ. ಡಿಡಿ-ರೆಸ್ಕ್ಯೂ ಎಲ್ಲಿಯವರೆಗೆ ಓದಿದ್ದೇನೆ ಎಂದು ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ನಿನ್ನೆ ನಿಂತಲ್ಲಿಂದಲೇ ಹೊರಟಿತು. ಉಳಿದ 25 ಜಿಬಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಒಂದೂ ಕೆಟ್ಟ ಸೆಕ್ಟರ್ ಇಲ್ಲ. ಮುಗಿದ ತಕ್ಷಣ ಕೇಬಲ್ ಕಿತ್ತು ಬೋರ್ಡನ್ನು ಡ್ರಾಯರ್‌ಗೆ ಹಾಕಿದೆ. ಮುಂದಿನದ್ದೆಲ್ಲ ಪಡಿಯಚ್ಚಿನ ಮೇಲೆ.

ಫೈಲ್ ಇದೆ, ಒಳಗೆ ಏನೂ ಇಲ್ಲ

ಪಡಿಯಚ್ಚು ತೆರೆದರೆ ಫೋಲ್ಡರ್‌ಗಳೆಲ್ಲ ಇದ್ದವು. ಅವರ ಅಕ್ಕನ ಮಗನ ಮನೆಯಲ್ಲಿ ‘ಫಾರ್ಮ್ಯಾಟ್ ಮಾಡಿ’ ಎಂದಿತ್ತಲ್ಲ, ಆ ಫೈಲ್ ಸಿಸ್ಟಂಗೆ ಏನೂ ಆಗಿರಲಿಲ್ಲ! ವಿಂಡೋಸ್‌ನ ಆ ಮಾತಿನ ಅರ್ಥ ‘ನನಗೆ ಇದರ ಮೊದಲ ಪುಟ ಓದಲು ಆಗುತ್ತಿಲ್ಲ’ ಎಂದಷ್ಟೇ. ಪುಟ ಹರಿದಿರಬಹುದು, ಅಥವಾ ಓದುವ ದಾರಿ ಕೆಟ್ಟಿರಬಹುದು. ಇಲ್ಲಿ ಕೆಟ್ಟಿದ್ದು ದಾರಿ. ಅವತ್ತು ಯೆಸ್ ಒತ್ತಿ, ಮೂತಿ ಅಷ್ಟು ಹೊತ್ತು ತಗಲಿಕೊಂಡೂ ಇದ್ದಿದ್ದರೆ, ಚೆನ್ನಾಗಿದ್ದ ಪಟ್ಟಿಯ ಮೇಲೆ ಖಾಲಿ ಪಟ್ಟಿ ಬರೆದಾಗುತ್ತಿತ್ತು.

ಅಕ್ಕ ಮಧ್ಯಾಹ್ನ ಬಂದರು. ಪಕ್ಕದಲ್ಲಿ ಕುರ್ಚಿ ಹಾಕಿದೆ. ಹಬ್ಬದ ಫೋಲ್ಡರ್ ತೆರೆದೆವು. ಪತ್ರಿಕೆಯ ಫೈಲ್ ಇತ್ತು. ಗಾತ್ರ 0 ಬೈಟ್.

ಸೇವ್ ನಡೆಯುತ್ತಿರುವಾಗಲೇ ಮೊಣಕಾಲು ಬಡಿದದ್ದು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಡುವೆ ತಂತಿ ಬಿಟ್ಟುಹೋಗಿದೆ.

ಕೋರೆಲ್ ಎರಡು ಥರ ಬ್ಯಾಕಪ್ ಇಟ್ಟುಕೊಳ್ಳುತ್ತದೆ. ಒಂದು, ಕೆಲಸ ಮಾಡುತ್ತಿರುವಾಗ ಆಗಾಗ ಕಂಪ್ಯೂಟರ್‌ನ ಟೆಂಪ್ ಫೋಲ್ಡರ್‌ನಲ್ಲಿ ಬರೆಯುವ ಆಟೊಬ್ಯಾಕಪ್. ಕೋರೆಲ್ ಸರಿಯಾಗಿ ಮುಚ್ಚಿದರೆ ಅದು ಅಳಿಸಿಹೋಗುತ್ತದೆ, ಮಧ್ಯದಲ್ಲಿ ಸತ್ತರೆ ಉಳಿಯುತ್ತದೆ. ಅಕ್ಕ ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಿದ್ದರಿಂದ ಅಂಗಡಿಯ ಸಿಸ್ಟಂನಲ್ಲಿ ಉಳಿದಿರಬೇಕು ಎಂದು ಕೇಳಿದೆ. ಅವರ ಮುಖ ಸಣ್ಣದಾಯಿತು. ಶನಿವಾರ ಬೆಳಿಗ್ಗೆ ಯಾವುದೋ ವೀಡಿಯೊ ನೋಡಿ, ಪೆನ್ ಡ್ರೈವ್ ಸರಿಹೋಗಲಿ ಎಂದು ಟೆಂಪ್ ಫೋಲ್ಡರ್ ಪೂರ್ತಿ ಖಾಲಿ ಮಾಡಿದ್ದರು. ಪೆನ್ ಡ್ರೈವ್‌ಗೂ ಟೆಂಪ್ ಫೋಲ್ಡರ್‌ಗೂ ಏನು ಸಂಬಂಧವೋ ಆ ವೀಡಿಯೊದವರನ್ನೇ ಕೇಳಬೇಕು.

ಎರಡನೆಯದು, ಪ್ರತಿ ಸಲ ಸೇವ್ ಮಾಡುವಾಗ ಅದರ ಹಿಂದಿನ ರೂಪವನ್ನು ‘ಬ್ಯಾಕಪ್ ಆಫ್’ ಎಂಬ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಇಡುವುದು. ಅಕ್ಕ ಇಷ್ಟು ವರ್ಷ ಅದನ್ನು ಕಸ ಎಂದುಕೊಂಡು ಆಗಾಗ ಡಿಲೀಟ್ ಮಾಡುತ್ತಿದ್ದರಂತೆ. ಈ ಸಲ ಮಾಡಿರಲಿಲ್ಲ. ಅದು ಇತ್ತು, ಗಾತ್ರವೂ ಸರಿಯಾಗಿತ್ತು.

ನನ್ನ ಸಿಸ್ಟಂನಲ್ಲಿ ಕೋರೆಲ್ ಇಲ್ಲ. ಆದರೆ ಲಿಬ್ರೆ ಆಫೀಸ್‌ನ ಡ್ರಾ ಕೋರೆಲ್ ಫೈಲ್ ತೆರೆಯುತ್ತದೆ. ತೆರೆದೆ. ದೇವಿಯ ಫೋಟೊ ಬಂತು, ಬಾರ್ಡರ್ ಬಂತು. ಅಕ್ಷರ ಇರಬೇಕಾದ ಕಡೆಯೆಲ್ಲ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ನಡುನಡುವೆ ಪೌಂಡಿನ ಗುರುತು.

“ಅಯ್ಯೋ ಮಾರಮ್ಮ, ಎಲ್ಲ ಕೆಟ್ಟೋಗಿದೆ” ಎಂದು ಅಕ್ಕ ತಲೆ ಮೇಲೆ ಕೈ ಇಟ್ಟು ಕೂತುಬಿಟ್ಟರು.

ನನಗೆ ನಗು ಬಂತು. ಅದು ಕೆಟ್ಟದ್ದಲ್ಲ, ನುಡಿ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ಅದರ ಹಳೆಯ ಫಾಂಟ್‌ಗಳು, ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಕೊಡುವ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಕಾಣುವುದು ಆ ಇಂಗ್ಲಿಷ್ ಅಕ್ಷರಗಳೇ. ದಿನವೂ ನುಡಿಯಲ್ಲೇ ಕೆಲಸ ಮಾಡುವ ಅಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ, ಭಯದಲ್ಲಿ ಹೊಳೆಯಲಿಲ್ಲ ಅಷ್ಟೆ. ಡೇಟಾ ತೆಗೆಸಿಕೊಂಡವರು ಎಷ್ಟೋ ಜನ ಹೀಗೆ ಕಂಡ ಫೈಲನ್ನು ಕರಪ್ಟ್ ಎಂದು ಅಳಿಸಿಬಿಡುತ್ತಾರೆ. ಅವರ ಲ್ಯಾಪ್‌ಟಾಪ್‌ನಿಂದ ನುಡಿ ಫಾಂಟ್ ತಂದು ಹಾಕಿದೆ. ಗೆರೆ ಎಳೆದ ಎಗಳೆಲ್ಲ ಗೌಡರು, ಪಟೇಲರು, ಗುಡ್ಡಪ್ಪನವರಾಗಿ ಬದಲಾದರು. 114 ಹೆಸರೂ ಇದ್ದವು.

ಇರದಿದ್ದದ್ದು ಕೊನೆಯ ಒಂದೇ ಒಂದು ತಿದ್ದುಪಡಿ. ಎರಡು ಹೆಸರುಗಳ ಜಾಗ ಅದಲುಬದಲು ಮಾಡಿದ್ದರು. ಎಲ್ಲೋ ಮೂರನೇ ಸಾಲು ನಾಲ್ಕನೇ ಸಾಲು ಎಂದಷ್ಟೇ ನೆನಪು, ಯಾವ ಹೆಸರು ಎಂಬುದು ಮರೆತುಹೋಗಿತ್ತು. ಕೊನೆಯ ಸೇವ್‌ನ ತುಣುಕೇನಾದರೂ ಸಿಗುತ್ತದಾ ಎಂದು ಪಡಿಯಚ್ಚಿನ ಮೇಲೆ ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿದೆ. ಅದು ಫೈಲ್ ಪಟ್ಟಿಯನ್ನು ನಂಬದೆ, ಫೈಲ್‌ನ ತಲೆಯ ಗುರುತು ನೋಡಿ ಹೆಕ್ಕುತ್ತದೆ. ಹೆಸರುಗಳು ಮಾತ್ರ ಉಳಿಯುವುದಿಲ್ಲ, ಎಲ್ಲಕ್ಕೂ ನಂಬರೇ. ಎಂದೋ ಅಳಿಸಿದ ಲಗ್ನಪತ್ರಿಕೆಗಳು ರಾಶಿ ಸಿಕ್ಕವು. ಈ ಪತ್ರಿಕೆಯದು ಅರ್ಧಂಬರ್ಧ ಒಂದು ಸಿಕ್ಕಿತು, ತೆರೆಯಲಿಲ್ಲ.

ಬೇರೆ ದಾರಿಯಿಲ್ಲದೆ ಅಕ್ಕ ಊರಿನ ಯಜಮಾನರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ‘ಕೊನೇಲಿ ಯಾವ್ದು ಮೇಲೆ ಹಾಕಿ ಅಂದಿದ್ರಿ?’ ಎಂದು ಹುಷಾರಾಗಿ ಕೇಳಿದರು, ಫೈಲ್ ಹೋಗಿತ್ತು ಎಂದು ಹೇಳಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅದ್ನೇ ಹೇಳಾಣ ಅಂತಿದ್ದೆ ಕಣವ್ವ. ನೆನ್ನೆ ರಾತ್ರಿ ಮತ್ತೆ ಕೂತಿದ್ವಿ. ಅದು ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ” ಎಂದರು.

ಅಕ್ಕ ಫೋನ್ ಇಟ್ಟು ನನ್ನ ಮುಖ ನೋಡಿದರು.

ಫೈಲನ್ನು ಒಂದು ಹೊಸ ಪೆನ್ ಡ್ರೈವ್‌ಗೆ ಹಾಕಿ, ಅವರ ಇಮೇಲ್‌ಗೂ ಕಳಿಸಿ, ಲ್ಯಾಪ್‌ಟಾಪ್‌ಗೂ ಒಂದು ಪ್ರತಿ ಹಾಕಿಕೊಟ್ಟೆ. ಸೋಮವಾರ ಬೆಳಗಿನ ರೈಲಿಗೆ ಮೈಸೂರಿಗೆ ಹೋದರು.

ಮೊದಲನೆಯ ಕಂಪ್ಯೂಟರ್

ಒಂದು ಲೆಕ್ಕ ಬಾಕಿ ಇತ್ತು. ಪೆನ್ ಡ್ರೈವ್‌ನಲ್ಲಿ ಕೆಟ್ಟಿದ್ದು ಡಿ ಮೈನಸ್ ಮಾತ್ರ, ಕರೆಂಟ್ ಪಿನ್ ಚೆನ್ನಾಗಿತ್ತು. ಹಾಗಿದ್ದ ಮೇಲೆ ಅಕ್ಕನ ಅಂಗಡಿಯ ಸಿಪಿಯುವಿನಲ್ಲಿ ಲೈಟ್ ಯಾಕೆ ಬರಲಿಲ್ಲ? ಮಂಗಳವಾರ ಟಾರ್ಚ್ ಹಿಡಿದು ಹೋದೆ. ಮೊಣಕಾಲು ಬಡಿದಾಗ ಪೆಟ್ಟು ತಿಂದದ್ದು ಪೆನ್ ಡ್ರೈವ್ ಒಂದೇ ಅಲ್ಲ. ಮುಂದಿನ ಪೋರ್ಟ್ ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಪಿನ್‌ಗಳು ಒಂದಕ್ಕೊಂದು ಮುಟ್ಟುವ ಹಾಗೆ ಬಾಗಿದ್ದವು. ಅದರಲ್ಲಿ ಏನೇ ಚುಚ್ಚಿದರೂ ಶಾರ್ಟ್ ಆಗುವ ಅಪಾಯ ಇತ್ತು. ಅಕ್ಕ ಮೂರು ದಿನದಿಂದ ಅದಕ್ಕೇ ಫೋನ್ ಚಾರ್ಜರ್ ಕೇಬಲ್ ಚುಚ್ಚಿ, ‘ಕೇಬಲ್ಲೂ ಹೋಯ್ತು’ ಎಂದುಕೊಂಡಿದ್ದರು.

ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್‌ನಿಂದ ಮುಂದಿನ ಪೋರ್ಟ್‌ಗಳ ವೈರ್ ಕಿತ್ತೆ. ತೂತಿಗೆ ಇನ್ಸುಲೇಶನ್ ಟೇಪ್ ಅಂಟಿಸಿದೆ. ಹಿಂದಿನ ಪೋರ್ಟ್‌ನಿಂದ ಒಂದು ಎಕ್ಸ್‌ಟೆನ್ಶನ್ ಕೇಬಲ್ ಎಳೆದು, ಮೊಣಕಾಲಿಗೆ ಸಿಗದ ಹಾಗೆ ಮೇಜಿನ ಮೇಲೆ, ಮಾನಿಟರ್ ಪಕ್ಕ ಕೂರಿಸಿ ಬಂದೆ.